ಹಳೆಯ ಕಾರಿನಲ್ಲಿ ಕಾಶಿಗೆ ಹೊರಡುವ ಮುನ್ನ



ಹೊಸೂರಿನ ಮೇಲೆ ಹಾದುಹೋಗುವ ಹೆದ್ದಾರಿ ನಮಗೆಲ್ಲ ಪರಿಚಿತವೇ. ಈಗ ಅದರ ನಂಬರು 44. 2010ರಲ್ಲಿ ಹೆದ್ದಾರಿಗಳ ನಂಬರು ಬದಲಾಗುವ ಮುಂಚೆ ಇದು 7ನೆಯ ರಾಷ್ಟ್ರೀಯ ಹೆದ್ದಾರಿ. ಒಂದು ತುದಿ ಕನ್ಯಾಕುಮಾರಿ, ಇನ್ನೊಂದು ತುದಿ ಕಾಶಿ. ಉದ್ದ 2,369 ಕಿಲೋಮೀಟರು. ಹಾಗಾಗಿ ಮನೆ ಮುಂದಿನ ದಾರಿ ಹಿಡಿದು ಕಾಶಿಗೆ ಹೋಗುವುದು ನಮ್ಮ ಕಡೆಯವರಿಗೆ ಬರಿಯ ಮಾತಲ್ಲ. ಬೆಂಗಳೂರು, ಅನಂತಪುರ, ಕರ್ನೂಲು, ಹೈದರಾಬಾದು, ಆದಿಲಾಬಾದು, ನಾಗಪುರ, ಸಿವನಿ, ಜಬಲಪುರ, ರೀವಾ, ಮಿರ್ಜಾಪುರ, ಆಮೇಲೆ ಕಾಶಿ. ಹೋಗಲು ಸುಮಾರು 1,800 ಕಿಲೋಮೀಟರು, ಬರಲು ಅಷ್ಟೇ.

ಮನೆಯ ಹಿರಿಯರನ್ನು ಕೂರಿಸಿಕೊಂಡು ಸ್ವಂತ ಕಾರಿನಲ್ಲಿ ಹೋಗಿಬರಬೇಕೆಂಬ ಆಸೆ ಹಲವರಿಗಿದೆ. ಆದರೆ ಮನೆಯಲ್ಲಿರುವುದು ಹಳೆಯ ಬಂಡಿ. ಮಾರುತಿ 800 ಅನ್ನೇ ತೆಗೆದುಕೊಳ್ಳಿ. 1983ರ ಡಿಸೆಂಬರಿನಲ್ಲಿ ಬಂದ ಆ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆದರೂ ನಮ್ಮ ಹಳ್ಳಿಗಳಲ್ಲಿ ಅದು ಇನ್ನೂ ಓಡುತ್ತಿದೆ. ಸಂತೆಗೂ ಆಸ್ಪತ್ರೆಗೂ ಓಡಾಡುವ ಈ ಬಂಡಿ ಕಾಶಿಗೆ ಹೋದೀತೇ?

ಹೋಗುತ್ತದೆ. ಆದರೆ ಸಂತೆಗೆ ಹೋಗುವುದು ಅರ್ಧ ಗಂಟೆಯ ಕೆಲಸ, ಕಾಶಿಯ ದಾರಿಯಲ್ಲಿ ದಿನಕ್ಕೆ ಎಂಟು ಗಂಟೆ ಓಡಬೇಕು. ಅರ್ಧ ಗಂಟೆ ತಡೆದುಕೊಳ್ಳುವ ಸೀಳು ಪೈಪು ನಾಲ್ಕನೆಯ ಗಂಟೆಗೆ ಒಡೆಯುತ್ತದೆ. ಹಳೆಯ ಕಾರನ್ನು ನಡುದಾರಿಯಲ್ಲಿ ನಿಲ್ಲಿಸುವುದು ಬಹುಮಟ್ಟಿಗೆ ಇಂಜಿನ್ನಲ್ಲ. ರಬ್ಬರು, ನೀರು ಮತ್ತು ತಂತಿ. ಪ್ರಾಣಕ್ಕೆ ಕುತ್ತು ತರುವುದು ಬ್ರೇಕು. ಈ ನಾಲ್ಕನ್ನೂ ಹೊರಡುವ ಒಂದು ತಿಂಗಳ ಮುಂಚೆಯೇ ಸರಿಪಡಿಸಿ, ಓಡಿಸಿ ಪರೀಕ್ಷೆ ಮಾಡಬೇಕು. ಹಿಂದಿನ ದಿನ ಗ್ಯಾರೇಜಿಗೆ ಬಿಟ್ಟು ಮರುದಿನ ಹೊರಟರೆ, ಹೊಸದಾಗಿ ಹಾಕಿದ ಸಾಮಾನು ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯುವುದು ಆದಿಲಾಬಾದಿನ ಕಾಡಿನಲ್ಲಿ.

ಮೊದಲು ರಬ್ಬರು. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳು ಒತ್ತಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ಮಾಡಿದ ಟೈರು ಎಂದರ್ಥ. ಕಡಿಮೆ ಓಡುವ ಕಾರಿನಲ್ಲಿ ಗಾಡಿ ಚೆನ್ನಾಗಿಯೇ ಇರುತ್ತದೆ, ಟೈರಿನ ಹಲ್ಲು ಸವೆದಿರುವುದಿಲ್ಲ, ಆದರೆ ರಬ್ಬರು ಮುದಿಯಾಗಿರುತ್ತದೆ. ಆರು ವರ್ಷ ದಾಟಿದ ಟೈರನ್ನು ಅನುಮಾನದಿಂದ ನೋಡಿ. ಮಗ್ಗುಲಲ್ಲಿ ಸಣ್ಣ ಬಿರುಕುಗಳಿದ್ದರೆ ಬದಲಿಸಿ. ಹಲ್ಲಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಕೂಡದು. ಸ್ಟೆಪ್ನಿಯನ್ನು ಮರೆಯಬೇಡಿ; ಬೇಕಾದ ಹೊತ್ತಿಗೆ ಅದರಲ್ಲಿ ಗಾಳಿ ಇಲ್ಲದಿರುವುದೇ ಹೆಚ್ಚು.

ಬಾನೆಟ್ ಎತ್ತಿದರೆ ಕಾಣುವ ಹೋಸ್ ಪೈಪುಗಳನ್ನು ಇಂಜಿನ್ ತಣ್ಣಗಿರುವಾಗ ಹಿಚುಕಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿದ್ದರೂ, ಜವಳಾಗಿ ಮೆತ್ತಗಾಗಿದ್ದರೂ ಬದಲಿಸಬೇಕು. ಫ್ಯಾನ್ ಬೆಲ್ಟಿನದೂ ಇದೇ ನಿಯಮ. ಟೈಮಿಂಗ್ ಬೆಲ್ಟ್ ಮುಚ್ಚಳದ ಒಳಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಅದು ಹರಿದರೆ ಕಾರು ನಿಂತಲ್ಲೇ ನಿಲ್ಲುತ್ತದೆ. ಎಂದು ಬದಲಿಸಿದ್ದೆಂಬ ಲೆಕ್ಕ ಇಲ್ಲದಿದ್ದರೆ ಈಗ ಬದಲಿಸುವುದೇ ಕ್ಷೇಮ.

ಪೆಟ್ರೋಲ್ ಪೈಪಿನ ವಿಷಯದಲ್ಲಿ ಹೊಸ ಎಚ್ಚರಿಕೆ ಬೇಕು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಯುವ ಮಟ್ಟ ಬಂತು. ಹಳೆಯ ಕಾರುಗಳ ರಬ್ಬರು ಇದಕ್ಕೆಂದು ಮಾಡಿದ್ದಲ್ಲ. ಎಥನಾಲ್ ತಾಗಿ ಉಬ್ಬಬಹುದು, ಬಿರುಕು ಬಿಡಬಹುದು. ಎಥನಾಲ್ ನೀರಿನ ಪಸೆಯನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಪೆಟ್ರೋಲ್ ಪೈಪು, ಫಿಲ್ಟರು ಎರಡನ್ನೂ ಹೊಸದು ಹಾಕಿಸಿ. ಬಾನೆಟ್ ಒಳಗೆ ಪೆಟ್ರೋಲಿನ ವಾಸನೆ ಬಂದರೆ ಅಸಡ್ಡೆ ಮಾಡಬೇಡಿ. ಅದು ಬೆಂಕಿಯ ಮುನ್ಸೂಚನೆ.

ಎರಡನೆಯದು ನೀರು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪೊರೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ರೇಡಿಯೇಟರ್ ತೊಳೆಸಿ, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಿಸಿ. ಆಮೇಲೆ ಕಾರು ನಿಲ್ಲಿಸಿ ಇಂಜಿನ್ ಓಡಲು ಬಿಡಿ. ಕಾವು ಏರಿದಾಗ ಫ್ಯಾನು ತಾನಾಗಿ ತಿರುಗಬೇಕು. ದಾರಿಯಲ್ಲಿ ಕಾವಿನ ಮುಳ್ಳು ಏರಿದರೆ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು. ಒಳಗೆ ಒತ್ತಡದಲ್ಲಿರುವ ನೀರು ಮುಚ್ಚಳ ಸಡಿಲಿಸಿದೊಡನೆ ಉಕ್ಕಿ ಮುಖ ಸುಡುತ್ತದೆ.

ಮೂರನೆಯದು ತಂತಿ. ಬ್ಯಾಟರಿ ಮೂರು ವರ್ಷ ದಾಟಿದ್ದರೆ ಅಂಗಡಿಯಲ್ಲಿ ಲೋಡ್ ಹಾಕಿ ಪರೀಕ್ಷಿಸಿ. ಟರ್ಮಿನಲ್ ಮೇಲಿನ ಬಿಳಿ ಬೂಷ್ಟನ್ನು ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿಮಾಡಿ. ಎಲ್ಲ ದೀಪಗಳೂ ಉರಿಯಬೇಕು, ಹಿಂದಿನ ಬ್ರೇಕ್ ದೀಪಗಳು ಮುಖ್ಯವಾಗಿ. ನಮ್ಮ ಬೆನ್ನ ಹಿಂದೆ ಬರುವ ಲಾರಿಗೆ ನಾವು ನಿಲ್ಲುತ್ತಿದ್ದೇವೆಂದು ಹೇಳುವುದು ಅವೇ.

ಇನ್ನು ಬ್ರೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕುದಿದು ಗುಳ್ಳೆ ಕಟ್ಟುತ್ತದೆ. ಆಗ ಪೆಡಲ್ ಒತ್ತಿದರೆ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಬಯಲುಸೀಮೆಯಲ್ಲಿ ಓಡಾಡುವವರಿಗೆ ಇದು ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಆದರೆ ಕಾಶಿಯ ದಾರಿಯಲ್ಲಿ ರೀವಾ ಕಡೆಯ ವಿಂಧ್ಯದ ಮೇಲ್ನಾಡಿನಿಂದ ಮಿರ್ಜಾಪುರದ ಕಡೆಗೆ ಇಳಿಯುವಾಗ ಡ್ರಮಂಡ್‌ಗಂಜ್ ಘಾಟಿ ಇದೆ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ, ಲೈನಿಂಗ್, ಪ್ಯಾಡು, ರಬ್ಬರ್ ವಾಷರುಗಳನ್ನು ನೋಡಿಸಿ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು.

ಪರೀಕ್ಷೆ ಹೇಗೆ? ಅದಕ್ಕೆ ದೂರ ಹೋಗಬೇಕಿಲ್ಲ. ಇದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ತಿರುಗಿ. ಹೊಸೂರಿನಿಂದ ಕೃಷ್ಣಗಿರಿ, ಧರ್ಮಪುರಿ ದಾಟಿ ಸೇಲಂವರೆಗೆ ಹೋಗಿಬಂದರೆ ಸುಮಾರು 300 ಕಿಲೋಮೀಟರು. ನಡುವೆ ತೊಪ್ಪೂರು ಘಾಟಿ. ಅಪಘಾತಗಳಿಗೆ ಹೆಸರಾದ ಜಾಗ. ಹಗಲಿನಲ್ಲಿ, ನಿಧಾನವಾಗಿ ಹೋಗಿ. ಇಳಿಯುವಾಗ ಬ್ರೇಕಿನ ಪರೀಕ್ಷೆ, ಬರುವಾಗ ಹತ್ತುವುದರಲ್ಲಿ ರೇಡಿಯೇಟರಿನ ಪರೀಕ್ಷೆ. ಕಾಶಿಗೆ ಎಷ್ಟು ಜನ, ಎಷ್ಟು ಸಾಮಾನು ಹೋಗುವುದೋ ಅಷ್ಟೇ ತೂಕ ಇರಲಿ. ಮನೆಗೆ ಬಂದು ಕಾರಿನಡಿ ಹಳೆಯ ಪೇಪರು ಹಾಸಿ. ಬೆಳಿಗ್ಗೆ ಅದರ ಮೇಲೆ ಬಿದ್ದ ಹನಿ ಇಂಜಿನ್ ಆಯಿಲೋ, ಕೂಲೆಂಟೋ, ಬ್ರೇಕ್ ಆಯಿಲೋ ನೋಡಿ. ಕಂಡದ್ದನ್ನೆಲ್ಲ ತಾರೀಕು, ಕಿಲೋಮೀಟರು ಸಹಿತ ಒಂದು ಪುಸ್ತಕದಲ್ಲಿ ಬರೆಯಿರಿ. ನೆನಪಿಗಿಂತ ಬರಹ ಲೇಸು.

ಕಾಗದಪತ್ರಗಳ ಮಾತು ಚಿಕ್ಕದು. ಹದಿನೈದು ವರ್ಷ ದಾಟಿದ ಕಾರಿಗೆ ಆರ್.ಸಿ. ನವೀಕರಣ ಆಗಿರಬೇಕು. ವಿಮೆ, ಹೊಗೆ ತಪಾಸಣೆಯ ಚೀಟಿ, ಲೈಸೆನ್ಸ್ ಮೂರಕ್ಕೂ ಮರಳಿ ಬರುವವರೆಗೆ ಅವಧಿ ಇರಲಿ. ಟೋಲ್‌ಗಳಲ್ಲಿ 2021ರಿಂದ ಫಾಸ್ಟ್‌ಟ್ಯಾಗ್ ಕಡ್ಡಾಯ. ಇಲ್ಲದವರು ಹೆಚ್ಚು ತೆರಬೇಕು. ಹೆದ್ದಾರಿಯಲ್ಲಿ ಸಹಾಯಕ್ಕೆ 1033, ತುರ್ತಿಗೆ 112.

ಜೊತೆಗೆ ಒಂದು ಫ್ಯಾನ್ ಬೆಲ್ಟು, ಕ್ಲಚ್ ಕೇಬಲ್, ಆಕ್ಸಲರೇಟರ್ ಕೇಬಲ್, ಫ್ಯೂಸುಗಳು, ಒಂದು ಪ್ಲಗ್ಗು, ಜಾಕು, ಪಾನಾ, ಟಾರ್ಚು, ಐದು ಲೀಟರ್ ನೀರು ಇರಲಿ. ಭಾಷೆಯ ಚಿಂತೆ ಬೇಡ. ಕನ್ನಡ, ತಮಿಳು, ತೆಲುಗು ಕೇಳಿ ಬೆಳೆದ ನಮ್ಮವರಿಗೆ ಆದಿಲಾಬಾದುವರೆಗೆ ತೆಲುಗೇ ಸಾಕು. ಅದರಾಚೆ ಹಿಂದಿ ಬಾರದಿದ್ದರೂ ಕ್ಲಚ್ಚು, ರೇಡಿಯೇಟರು ಎಂದರೆ ಎಲ್ಲ ಮೆಕ್ಯಾನಿಕ್ಕಿಗೂ ತಿಳಿಯುತ್ತದೆ.

ದಿನಕ್ಕೆ 400, ಹೆಚ್ಚೆಂದರೆ 450 ಕಿಲೋಮೀಟರು ಸಾಕು. ನಾಗಪುರ ದಾಟಿದ ಮೇಲೆ ಸಿವನಿಯ ತನಕ ಪೆಂಚ್ ಕಾಡಿನ ದಾರಿ. ಕತ್ತಲಾಗುವ ಮೊದಲೇ ತಂಗಿ. ಹಳೆಯ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಹಲವು ಕಾರುಗಳ ಹಿಂದಿನ ಸೀಟಿಗೆ ಬೆಲ್ಟೂ ಇಲ್ಲ. ಬೆಲ್ಟು ಹಾಕಿಸಿ, ವೇಗ 80ರ ಒಳಗಿಡಿ.

ಕೊನೆಯದಾಗಿ ಒಂದು ಮಾತು. ತೊಪ್ಪೂರಿನ ಪರೀಕ್ಷೆಯಲ್ಲಿ ಕಾರು ಸೋತರೆ ರಿಪೇರಿ ಮಾಡಿಸಿ ಮತ್ತೊಮ್ಮೆ ಹೋಗಿ. ಎರಡನೆಯ ಸಲವೂ ಸೋತರೆ ಮುಹೂರ್ತ ಗೊತ್ತಾಗಿದೆ, ನೆಂಟರಿಗೆ ಹೇಳಿಯಾಗಿದೆ ಎಂದು ಹೊರಡಬೇಡಿ. ರೈಲಿಗೆ ಟಿಕೆಟು ಮಾಡಿಸಿ. ವಿಶ್ವನಾಥನ ದರ್ಶನಕ್ಕೆ ಬಂಡಿ ಯಾವುದೆಂಬ ಲೆಕ್ಕವಿಲ್ಲ. ಹೋದವರೆಲ್ಲ ಕ್ಷೇಮವಾಗಿ ಮನೆಗೆ ಮರಳಬೇಕು, ಅಷ್ಟೇ.