ಕಚ್ಚದ ಜೇಡ, ಚುಚ್ಚುವ ರೋಮ

ಮಳೆಗಾಲದ ದಿನಗಳಲ್ಲಿ ನುಗ್ಗೆಮರದ ಕೆಳಗೆ ಓಡಾಡಿದವರಿಗೆ ಕಂಬಳಿಹುಳುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದು ಕಚ್ಚುವುದಿಲ್ಲ. ಮೈಗೆ ತಾಗಿದರೆ ಸಾಕು. ಮೊದಲು ಉರಿ, ಆಮೇಲೆ ತುರಿಕೆ, ಸ್ವಲ್ಪ ಹೊತ್ತಿನಲ್ಲಿ ಕೆಂಪು ದದ್ದು. ಹುಳುವನ್ನು ಕೊಡವಿ ಎಸೆದರೂ ತುರಿಕೆ ನಿಲ್ಲುವುದಿಲ್ಲ. ಯಾಕೆಂದು ಯೋಚಿಸಿದ್ದೀರಾ? ಹುಳು ಹೋಗಿರುತ್ತದೆ, ಅದರ ರೋಮಗಳು ನಿಮ್ಮ ಚರ್ಮದಲ್ಲೇ ಉಳಿದಿರುತ್ತವೆ.

ಇದೇ ಬಗೆಯ ರಕ್ಷಣೆ ಅಮೆರಿಕ ಖಂಡಗಳ ಕೆಲವು ದೊಡ್ಡ ಜೇಡಗಳಲ್ಲಿಯೂ ಇದೆ. ಈ ಜೇಡಗಳನ್ನು ಯೂರೋಪು ಮತ್ತು ಅಮೆರಿಕದಲ್ಲಿ ಸಾವಿರಾರು ಜನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುತ್ತಾರೆ. ಸಾಕುವವರಲ್ಲಿ ಹೆಚ್ಚಿನವರಿಗೆ ಭಯವಿರುವುದು ಅದರ ಕಚ್ಚುವಿಕೆಯ ಬಗ್ಗೆ. ಆದರೆ ವೈದ್ಯರ ಬಳಿಗೆ ಅವರನ್ನು ಕರೆದೊಯ್ಯುವುದು ಬಹಳ ಸಲ ಅದರ ರೋಮ. ತೆರೆಯ ಮೇಲೆ ಇಂಥ ಜೇಡ ಕಾಣಿಸುವುದು ಕೆಲವೇ ಕ್ಷಣ. ಪುಟದ ಮೇಲಾದರೆ ನಿಧಾನವಾಗಿ ನೋಡಬಹುದು. ಬನ್ನಿ, ನೋಡೋಣ.

ಟರಾಂಟುಲಾ ಎಂದರೆ ಯಾವುದು?

ಈ ಹೆಸರು ಬಂದದ್ದು ಇಟಲಿಯ ಟರಾಂಟೊ ಎಂಬ ಊರಿನಿಂದ. ಮೊದಲು ಆ ಹೆಸರನ್ನು ಪಡೆದದ್ದು ಅಲ್ಲಿನ ಒಂದು ತೋಳಜೇಡ. ಅದು ಕಚ್ಚಿದರೆ ದಣಿಯುವವರೆಗೆ ಕುಣಿಯಬೇಕು, ಆಗಲೇ ವಿಷ ಇಳಿಯುತ್ತದೆ ಎಂದು ಹಿಂದಿನ ಕಾಲದ ಜನ ನಂಬಿದ್ದರು. ಟರಾಂಟೆಲಾ ಎಂಬ ನೃತ್ಯಕ್ಕೆ ಈ ನಂಬಿಕೆಯ ನಂಟಿದೆ. ಯೂರೋಪಿನವರು ಅಮೆರಿಕಕ್ಕೆ ಹೋದಾಗ ಅಲ್ಲಿ ಕಂಡ ದೊಡ್ಡ, ರೋಮಭರಿತ ಜೇಡಗಳಿಗೂ ಅದೇ ಹೆಸರು ಅಂಟಿಕೊಂಡಿತು. ಇಂದು ವಿಜ್ಞಾನದಲ್ಲಿ ಟರಾಂಟುಲಾ ಎಂದರೆ ಥೆರಾಫೋಸಿಡೇ ಎಂಬ ಕುಟುಂಬದ ಜೇಡಗಳು. ಇವುಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ.

ಇವುಗಳಲ್ಲಿ ಹೆಚ್ಚಾಗಿ ಸಾಕಲ್ಪಡುವುದು ಚಿಲಿ ದೇಶದ ಗುಲಾಬಿ ಟರಾಂಟುಲಾ ಮತ್ತು ಮೆಕ್ಸಿಕೋದ ಕೆಂಪು ಮಂಡಿಯ ಟರಾಂಟುಲಾ. ಎರಡೂ ಸಾಧು ಸ್ವಭಾವದವು. ಹೆಚ್ಚು ಓಡಾಡುವುದಿಲ್ಲ, ಜಿರಳೆ, ಮಿಡತೆ ಕೊಟ್ಟರೆ ತಿಂದು ಸುಮ್ಮನಿರುತ್ತವೆ. ಹೆಣ್ಣು ಜೇಡ 20 ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಇಂಥ ಸಾಧು ಜೇಡವನ್ನು ಕೈಮೇಲೆ ಬಿಟ್ಟುಕೊಂಡರೆ ಏನಾದೀತು ಎಂದು ಅನೇಕರಿಗೆ ಅನ್ನಿಸುತ್ತದೆ. ತೊಂದರೆ ಆರಂಭವಾಗುವುದು ಅಲ್ಲೇ.

ಹಿಂಗಾಲಿನ ಅಸ್ತ್ರ

ಅಮೆರಿಕ ಖಂಡಗಳ ಟರಾಂಟುಲಾಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪ್ರಭೇದಗಳಿಗೆ ತುರಿಕೆ ತರುವ ವಿಶೇಷ ರೋಮಗಳಿವೆ. ಇವು ಮುಖ್ಯವಾಗಿ ಉದರದ ಮೇಲ್ಭಾಗದಲ್ಲಿ ದಟ್ಟವಾಗಿ ನಿಂತಿರುತ್ತವೆ. ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಸುಮಾರು 10,000 ರೋಮಗಳು! ಒಂದೊಂದೂ ಒಂದು ಸಣ್ಣ ತೊಟ್ಟಿನ ಮೇಲೆ ಸಡಿಲವಾಗಿ ಕೂತಿರುತ್ತದೆ. ಸ್ವಲ್ಪ ಉಜ್ಜಿದರೂ ತೊಟ್ಟು ಮುರಿದು ರೋಮ ಹಾರುತ್ತದೆ.

ಇಲಿಯೋ ಹಲ್ಲಿಯೋ ಹತ್ತಿರ ಬಂತೆನ್ನಿ. ಜೇಡ ಓಡುವುದಿಲ್ಲ. ವೈರಿಯ ಕಡೆಗೆ ಬೆನ್ನು ತಿರುಗಿಸಿ, ಹಿಂಗಾಲನ್ನು ಉದರದ ಮೇಲೆ ಬೇಗಬೇಗನೆ ಉಜ್ಜುತ್ತದೆ. ಕಣ್ಣಿಗೆ ಕಾಣದಷ್ಟು ನಯವಾದ ರೋಮಗಳ ಮೋಡ ಗಾಳಿಯಲ್ಲಿ ಏಳುತ್ತದೆ. ಆ ಮೋಡ ಮೂಗು, ಬಾಯಿ, ಕಣ್ಣು ಸೇರಿದರೆ ವೈರಿ ಹಿಂದೆ ಸರಿಯಲೇಬೇಕು. ಉಜ್ಜಿದ ಜಾಗದಲ್ಲಿ ಜೇಡದ ಬೆನ್ನು ಬೋಳಾಗಿ ಕಾಣುತ್ತದೆ. ಮುಂದಿನ ಸಲ ಪೊರೆ ಕಳಚುವವರೆಗೂ ಅಲ್ಲಿ ರೋಮ ಬರುವುದಿಲ್ಲ.

ಈ ರೋಮಗಳನ್ನು ಕ್ರಮವಾಗಿ ಅಧ್ಯಯನ ಮಾಡಿದವರು ಕುಕ್, ರಾತ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು. 1972ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಅವರು ನಾಲ್ಕು ಬಗೆಗಳನ್ನು ವಿವರಿಸಿದರು. ನಂತರದ ವರ್ಷಗಳಲ್ಲಿ ಇನ್ನೂ ಮೂರು ಬಗೆಗಳು ಸೇರಿ ಒಟ್ಟು ಏಳಾದವು. ಏಳನೆಯದು ಕೊಲಂಬಿಯಾದ ಒಂದು ಜೇಡದಲ್ಲಿ ಸಿಕ್ಕಿತು. ಅದರ ವಿವರಣೆ ಪ್ರಕಟವಾದದ್ದು 2016ರಲ್ಲಿ. ಎಲ್ಲವೂ ಗಾಳಿಗೆ ಹಾರುವಂಥವಲ್ಲ. ಎರಡನೆಯ ಬಗೆಯವು ಮರದ ಮೇಲೆ ವಾಸಿಸುವ ಕೆಲವು ಜೇಡಗಳಲ್ಲಿವೆ. ಅವು ಸಾಮಾನ್ಯವಾಗಿ ನೇರವಾಗಿ ಮುಟ್ಟಿದಾಗಲೇ ಚುಚ್ಚುತ್ತವೆ. ಮನುಷ್ಯರಿಗೆ ಹೆಚ್ಚು ಕಾಟ ಕೊಡುವುದು ಮೂರನೆಯ ಬಗೆ. ಅದು ಚರ್ಮದೊಳಗೆ 2 ಮಿಲಿಮೀಟರ್ ಆಳದವರೆಗೂ ಇಳಿಯಬಲ್ಲದು. ಚಿಲಿಯ ಗುಲಾಬಿ ಟರಾಂಟುಲಾದ ಬೆನ್ನಿನ ಮೇಲೂ ಮೂರನೆಯ ಬಗೆಯ ರೋಮಗಳಿವೆ.

ದಕ್ಷಿಣ ಅಮೆರಿಕದ ಗೋಲಿಯತ್ ಎಂಬ ದೈತ್ಯ ಟರಾಂಟುಲಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮೊಟ್ಟೆಗಳನ್ನು ಇಡುವ ರೇಷ್ಮೆಯ ಚೀಲಕ್ಕೂ, ಪೊರೆ ಕಳಚುವಾಗ ಮಲಗುವ ರೇಷ್ಮೆಯ ಹಾಸಿಗೆಗೂ ಅದು ಈ ರೋಮಗಳನ್ನು ಸೇರಿಸಿ ನೇಯುತ್ತದೆ. ತಾಯಿ ಪಕ್ಕದಲ್ಲಿ ಇಲ್ಲದಿದ್ದರೂ ಮೊಟ್ಟೆಗೆ ಕಾವಲಿರುತ್ತದೆ.

ಚರ್ಮದೊಳಗೆ ಏನಾಗುತ್ತದೆ?

ಈ ರೋಮಕ್ಕೂ ಜೇಡದ ವಿಷಕ್ಕೂ ಸಂಬಂಧವಿಲ್ಲ ಎಂಬುದನ್ನು ಮೊದಲು ನೆನಪಿಡಿ. ವಿಷದ ಗ್ರಂಥಿಗಳಿರುವುದು ಕೋರೆಹಲ್ಲಿನ ಬುಡದಲ್ಲಿ. ರೋಮ ಮಾಡುವ ಕೆಲಸವನ್ನು ತಿಳಿಯಲು ಅದರ ಆಕಾರ ನೋಡಬೇಕು. ಸೂಕ್ಷ್ಮದರ್ಶಕದಲ್ಲಿ ಅದು ಚೂಪಾದ ಈಟಿಯಂತೆ ಕಾಣುತ್ತದೆ. ಅದರ ಉದ್ದಕ್ಕೂ ಮೀನಿನ ಗಾಳದ ಕೊಕ್ಕೆಯಂಥ ಮುಳ್ಳುಗಳಿರುತ್ತವೆ. ಹೊಲದ ಬದುವಿನಲ್ಲಿ ನಡೆದಾಗ ಬಟ್ಟೆಯ ಅಂಚಿಗೆ ಚುಚ್ಚಿಕೊಳ್ಳುವ ಹುಲ್ಲಿನ ಊಬನ್ನು ನೀವು ನೋಡಿರಬಹುದು. ನಡೆದಷ್ಟೂ ಅದು ಒಳಕ್ಕೇ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಜೇಡದ ರೋಮವೂ ಹಾಗೆಯೇ. ನೀವು ಕೆರೆದುಕೊಂಡಷ್ಟೂ ಅದು ಇನ್ನಷ್ಟು ಆಳಕ್ಕೆ ಇಳಿಯುತ್ತದೆ.

ಒಳಗೆ ಹೊಕ್ಕ ವಸ್ತುವನ್ನು ಶರೀರ ಪರಕೀಯವೆಂದು ಗುರುತಿಸುತ್ತದೆ. ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ. ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಅಲ್ಲಿ ಕೆಂಪು ಮೂಡುತ್ತದೆ. ನಾಳಗಳಿಂದ ದ್ರವ ಸೋರಿ ಬಾವು ಬರುತ್ತದೆ. ನರಗಳ ತುದಿ ಕೆರಳಿ ತುರಿಕೆ ಹುಟ್ಟುತ್ತದೆ. ಕೆಲವರಿಗೆ ಇದು ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಇನ್ನು ಕೆಲವರಿಗೆ ಸಣ್ಣ ಗಟ್ಟಿ ಗುಳ್ಳೆಗಳೆದ್ದು ವಾರಗಟ್ಟಲೆ ಕಾಡುತ್ತವೆ. ರೋಮ ಕೈಟಿನ್ ಎಂಬ ಗಟ್ಟಿ ವಸ್ತುವಿನಿಂದ ಆದದ್ದು. ಶರೀರ ಅದನ್ನು ಸುಲಭವಾಗಿ ಕರಗಿಸಲಾರದು. ಆದ್ದರಿಂದ ರಕ್ಷಕ ಕೋಶಗಳು ಅದರ ಸುತ್ತ ಗುಂಪುಗೂಡಿ ಗಂಟು ಕಟ್ಟುವುದೂ ಉಂಟು.

ಇನ್ನೊಂದು ವಿಷಯ ಇಲ್ಲಿ ಮುಖ್ಯ. ಮೊದಲ ಸಲ ಏನೂ ಆಗಲಿಲ್ಲ ಎಂದು ಧೈರ್ಯ ತಾಳುವಂತಿಲ್ಲ. ಮತ್ತೆ ಮತ್ತೆ ಸೋಂಕಿದಾಗ ಶರೀರ ಅಲರ್ಜಿಯನ್ನು ಬೆಳೆಸಿಕೊಳ್ಳಬಹುದು. ಹಲವು ವರ್ಷ ಜೇಡ ಸಾಕಿದವರಿಗೆ ಮೊದಲಿಗಿಂತ ಹೆಚ್ಚು ದದ್ದು, ಸೀನು, ಉಸಿರಾಟದ ತೊಂದರೆ ಕಾಣಿಸಿಕೊಳ್ಳಲು ಇದೇ ಕಾರಣ.

ಕಣ್ಣಿಗೆ ಬಿದ್ದರೆ?

ಚರ್ಮದ ತುರಿಕೆ ಇಂದಲ್ಲ ನಾಳೆ ಹೋಗುತ್ತದೆ. ಕಣ್ಣಿನ ಮಾತು ಹಾಗಲ್ಲ. 2009ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಆಸ್ಪತ್ರೆಗೆ ಒಬ್ಬ ಯುವಕ ಬಂದ. ಮೂರು ವಾರದಿಂದ ಬಲಗಣ್ಣು ಕೆಂಪಾಗಿತ್ತು, ನೀರು ಸುರಿಯುತ್ತಿತ್ತು, ಬೆಳಕು ನೋಡಲಾಗುತ್ತಿರಲಿಲ್ಲ. ಕಣ್ಣುಬೇನೆಯೆಂದು ಹಾಕಿದ ಔಷಧಿ ಕೆಲಸ ಮಾಡಿರಲಿಲ್ಲ. ವೈದ್ಯರು ಹೆಚ್ಚು ವರ್ಧನದ ಮಸೂರದಲ್ಲಿ ನೋಡಿದಾಗ ಕಾರ್ನಿಯಾದಲ್ಲಿ, ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ, ಎಳೆಎಳೆಯಾದ ರೋಮಗಳು ನೆಟ್ಟಿದ್ದವು.

ಆಗ ಯುವಕನಿಗೆ ನೆನಪಾಯಿತು. ಮೂರು ವಾರದ ಹಿಂದೆ ಅವನು ತನ್ನ ಗುಲಾಬಿ ಟರಾಂಟುಲಾದ ಗಾಜಿನ ಪೆಟ್ಟಿಗೆ ತೊಳೆಯುತ್ತಿದ್ದ. ಹೋಗದ ಒಂದು ಕಲೆಯನ್ನು ಉಜ್ಜುತ್ತಿದ್ದಾಗ ಹಿಂದೆ ಏನೋ ಅಲುಗಾಡಿದಂತಾಗಿ ತಿರುಗಿದ. ಜೇಡ ಹಾರಿಸಿದ ರೋಮಗಳ ಮೋಡ ಅವನ ಮುಖಕ್ಕೆ ಬಡಿದಿತ್ತು. ಅತಿ ಸೂಕ್ಷ್ಮವಾದ ಚಿಮುಟದಿಂದಲೂ ಆ ರೋಮಗಳನ್ನು ಕೀಳಲು ಆಗಲಿಲ್ಲ. ಸ್ಟೀರಾಯ್ಡ್ ಹನಿಗಳ ಚಿಕಿತ್ಸೆ ನಡೆಯಿತು. ತಿಂಗಳುಗಳ ನಂತರವೂ ಸಣ್ಣಪುಟ್ಟ ತೊಂದರೆ ಉಳಿದೇ ಇತ್ತು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ 2010ರಲ್ಲಿ ಈ ಪ್ರಕರಣವನ್ನು ಪ್ರಕಟಿಸಿತು. ಸಾಕುವವರು ಕಣ್ಣಿಗೆ ರಕ್ಷಣೆ ಧರಿಸಬೇಕೆಂಬುದು ಆ ವೈದ್ಯರ ಸಲಹೆ.

ಈ ಘಟನೆಯಲ್ಲಿ ಜೇಡ ಯುವಕನನ್ನು ಕಚ್ಚಲಿಲ್ಲ, ಮುಟ್ಟಲೂ ಇಲ್ಲ. ಜೇಡ ಎದುರಿಗೇ ಇರಬೇಕೆಂದೂ ಇಲ್ಲ. ಉದುರಿದ ರೋಮಗಳು ಪೆಟ್ಟಿಗೆಯ ಮಣ್ಣಿನಲ್ಲಿ, ಮರದ ತುಂಡಿನ ಮೇಲೆ, ಕಳಚಿದ ಪೊರೆಯಲ್ಲಿ ಉಳಿದಿರುತ್ತವೆ. ಪೆಟ್ಟಿಗೆ ತೊಳೆದ ಕೈ ಕಣ್ಣಿಗೆ ಹೋದರೆ ರೋಮವೂ ಕಣ್ಣಿಗೆ ಹೋಗುತ್ತದೆ. ನಡುವೆ ದೂತನ ಕೆಲಸ ಮಾಡುವುದು ನಮ್ಮದೇ ಬೆರಳು.

ಏನು ಮಾಡಬೇಕು, ಏನು ಮಾಡಬಾರದು?

ಮೊದಲ ನಿಯಮ: ಉಜ್ಜಬೇಡಿ, ಕೆರೆಯಬೇಡಿ. ಟವೆಲಿನಿಂದ ಒರೆಸುವುದೂ ತಪ್ಪು.

ಎರಡನೆಯದು: ಸೆಲ್ಲೋಟೇಪಿನ ತುಂಡನ್ನು ಚರ್ಮದ ಮೇಲೆ ಮೆಲ್ಲಗೆ ಒತ್ತಿ ಎತ್ತಿರಿ. ಪ್ರತಿ ಸಲ ಹೊಸ ತುಂಡು ಬಳಸಿ ಹಲವು ಬಾರಿ ಹೀಗೆ ಮಾಡಿದರೆ ಮೇಲಿರುವ ರೋಮಗಳು ಅಂಟಿಕೊಂಡು ಬರುತ್ತವೆ. ನಂತರ ಹರಿಯುವ ನೀರಿನಲ್ಲಿ ತೊಳೆಯಿರಿ. ಹಾಕಿಕೊಂಡಿದ್ದ ಬಟ್ಟೆಯನ್ನೂ ಬದಲಿಸಿ, ಬೇರೆಯಾಗಿ ಒಗೆಯಿರಿ.

ಮೂರನೆಯದು: ತುರಿಕೆ ತಡೆಯಲಾಗದಿದ್ದರೆ ವೈದ್ಯರನ್ನು ಕಾಣಿರಿ. ಹಿಸ್ಟಮಿನ್ನನ್ನು ತಡೆಯುವ ಮಾತ್ರೆ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮುಲಾಮು ಅವರ ಬಳಿ ಇವೆ. ಸುಣ್ಣ, ಬೂದಿ ಹಚ್ಚಿ ತಿಕ್ಕಿದರೆ ರೋಮ ಒಳಕ್ಕೇ ಹೋಗುತ್ತದೆ ಎಂಬುದು ಈಗ ನಿಮಗೆ ಗೊತ್ತು.

ನಾಲ್ಕನೆಯದು: ಕಣ್ಣಿಗೆ ಬಿದ್ದರೆ ಧಾರಾಳವಾಗಿ ಶುದ್ಧ ನೀರು ಹಾಯಿಸಿ, ಕೂಡಲೇ ಕಣ್ಣಿನ ವೈದ್ಯರ ಬಳಿಗೆ ಹೋಗಿ. "ಜೇಡದ ಪೆಟ್ಟಿಗೆ ಮುಟ್ಟಿದ್ದೆ" ಎಂದು ಅವರಿಗೆ ಹೇಳಲು ಮರೆಯಬೇಡಿ. ಲೀಡ್ಸಿನ ಯುವಕನ ಮೂರು ವಾರ ವ್ಯರ್ಥವಾದದ್ದು ಈ ಒಂದು ಮಾತು ತಡವಾಗಿ ನೆನಪಾದದ್ದರಿಂದ. ಉಸಿರು ಕಟ್ಟಿದಂತಾದರೂ ತಡಮಾಡಬಾರದು.

ನಮ್ಮ ಕಾಡಿನ ಜೇಡಗಳು

ಇಷ್ಟು ಓದಿದ ಮೇಲೆ ನಮ್ಮ ಪಶ್ಚಿಮಘಟ್ಟದ ದೊಡ್ಡ ಜೇಡ ಕಂಡರೂ ನೀವು ಹೆದರಬಹುದು. ಸಮಾಧಾನದ ಸಂಗತಿಯೆಂದರೆ ಭಾರತದ ಯಾವ ಟರಾಂಟುಲಾಕ್ಕೂ ಈ ತುರಿಕೆ ರೋಮಗಳಿಲ್ಲ. ಏಷ್ಯಾ, ಆಫ್ರಿಕಾದ ಟರಾಂಟುಲಾಗಳು ರಕ್ಷಣೆಗೆ ನಂಬಿರುವುದು ವೇಗವನ್ನು ಮತ್ತು ಕೋರೆಹಲ್ಲನ್ನು. ನಮ್ಮಲ್ಲಿ ಮರದ ಪೊಟರೆಗಳಲ್ಲಿ ವಾಸಿಸುವ ಪೋಸಿಲೋಥೀರಿಯಾ ಕುಲದ ಜೇಡ ಕಚ್ಚಿದರೆ ತೀವ್ರವಾದ ನೋವು, ಸ್ನಾಯುಸೆಳೆತ ಬರುತ್ತದೆ. ಆದ್ದರಿಂದ ಅವನ್ನು ಹಿಡಿಯಲು ಹೋಗಬಾರದು, ಹೊಡೆಯಲೂಬಾರದು. ಅವು ತಾವಾಗಿ ಮನುಷ್ಯರನ್ನು ಹುಡುಕಿಕೊಂಡು ಬರುವ ಪ್ರಾಣಿಗಳಲ್ಲ.

ಈ ಕುಲದ ನೀಲಿ ಬಣ್ಣದ ಒಂದು ಜೇಡವನ್ನು ಆಂಧ್ರಪ್ರದೇಶದ ಗುತ್ತಿಯಲ್ಲಿ ಸಿಕ್ಕ ಮಾದರಿಯಿಂದ ಪೋಕಾಕ್ ಎಂಬ ವಿಜ್ಞಾನಿ 1899ರಲ್ಲಿ ವರ್ಣಿಸಿದರು. ನೂರು ವರ್ಷ ಕಳೆದ ಮೇಲೆ, 2001ರಲ್ಲಿ, ಅದು ಮತ್ತೆ ಕಾಡಿನಲ್ಲಿ ಕಂಡಿತು. ಇಂದು ಅದು ಅಳಿವಿನ ಅಂಚಿನಲ್ಲಿದೆ. ವಿದೇಶಗಳಲ್ಲಿ ಸಾಕುವವರ ಆಸೆಯೂ ಅದಕ್ಕೆ ಒಂದು ಅಪಾಯ. 2019ರಲ್ಲಿ ಈ ಕುಲವನ್ನು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು. ಮೆಕ್ಸಿಕೋದ ಕೆಂಪು ಮಂಡಿಯ ಜೇಡ 1985ರಲ್ಲೇ ಆ ಪಟ್ಟಿಗೆ ಸೇರಿತ್ತು. ಪಟ್ಟಿಯಲ್ಲಿರುವ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕೆಂದು ನಮ್ಮ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಹೇಳುತ್ತದೆ. ಯಾರಾದರೂ "ಜೇಡ ತರಿಸಿಕೊಡುತ್ತೇನೆ" ಎಂದರೆ ಇದೂ ನಿಮ್ಮ ನೆನಪಿನಲ್ಲಿರಲಿ.

ನೀವೇ ಮಾಡಿ ನೋಡಿ

ಜೇಡವಿಲ್ಲದೆಯೂ ಈ ಪಾಠವನ್ನು ಕಣ್ಣಾರೆ ಕಾಣಬಹುದು. ಗೋಧಿಯ ಒಣ ತೆನೆಯಿಂದ ಉದ್ದನೆಯ ಊಬೊಂದನ್ನು ಮುರಿದು ತನ್ನಿ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಬೆರಳುಗಳನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಉಜ್ಜಿ. ನೀವು ಎರಡೂ ಕಡೆಗೆ ಉಜ್ಜುತ್ತೀರಿ, ಊಬು ಮಾತ್ರ ಒಂದೇ ಕಡೆಗೆ ಸಾಗುತ್ತದೆ. ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಅದರ ಅಂಚಿನ ಮುಳ್ಳುಗಳು ಒಂದೇ ದಿಕ್ಕಿಗೆ ಬಾಗಿರುವುದು ಕಾಣುತ್ತದೆ.

ಹುಲ್ಲು, ಹುಳು, ಜೇಡ ಮೂರೂ ಬೇರೆ ಬೇರೆ ದಾರಿಯಲ್ಲಿ ಬಂದು ಮುಳ್ಳಿನ ಈ ಒಂದೇ ಸೂತ್ರವನ್ನು ಬಳಸಿಕೊಂಡಿವೆ. ಮುಂದಿನ ಸಲ ಕಂಬಳಿಹುಳು ತೋಳಿನ ಮೇಲೆ ಬಿದ್ದಾಗ ನಿಮ್ಮ ಕೈ ತಾನಾಗಿ ಕೆರೆಯಲು ಹೊರಡುತ್ತದೆ. ಆಗ ಆ ಊಬನ್ನು ನೆನೆಸಿಕೊಂಡು ಕೈಯನ್ನು ತಡೆಯಿರಿ, ಸೆಲ್ಲೋಟೇಪ್ ಹುಡುಕಿರಿ.