ಮುದ್ದೆಯ ಊರಿಗೆ ಬಿ.ಪಿ. ಬಂದ ದಾರಿ

ಬೆಂಗಳೂರಿನ ಪಕ್ಕದ ಬಾಗಲಗುಂಟೆಯಂಥ ರಾಗಿ ಸೀಮೆಯ ಹಳ್ಳಿಗೆ ಬಿ.ಪಿ. ಕಾಲಿಟ್ಟದ್ದು ಹೇಗೆ ಎಂದು ಹುಡುಕಹೊರಟವನಿಗೆ ಎಳೆ ಸಿಕ್ಕಿದ್ದು ದೂರದ ಕೀನ್ಯಾದಲ್ಲಿ. ಆ ದೇಶದ ಪಶ್ಚಿಮದ ಹಳ್ಳಿಗಳಲ್ಲಿ ಲುವೊ ಸಮುದಾಯದವರ ರಕ್ತದೊತ್ತಡ ಕಡಿಮೆಯೇ ಇರುತ್ತಿತ್ತು. ಕೆಲಸ ಹುಡುಕಿಕೊಂಡು ನೈರೋಬಿಗೆ ಹೊರಟವರನ್ನು ಸಂಶೋಧಕ ನೀಲ್ ಪೌಲ್ಟರ್ ಮತ್ತು ಸಂಗಡಿಗರು ಬೆನ್ನುಹತ್ತಿದರು. ಊರಲ್ಲೇ ಉಳಿದವರನ್ನೂ ಅಳೆಯುತ್ತಾ ಎರಡು ವರ್ಷ ಹೋಲಿಸಿದರು. 1990ರಲ್ಲಿ ಪ್ರಕಟವಾದ ಆ ಅಧ್ಯಯನದ ಒಂದು ಸಂಗತಿ ನನ್ನನ್ನು ಬಿಡದೆ ಕಾಡಿದೆ: ಪಟ್ಟಣ ಸೇರಿದ ಮೊದಲ ತಿಂಗಳಲ್ಲೇ ವಲಸಿಗರ ಒತ್ತಡ ಊರಲ್ಲಿದ್ದವರಿಗಿಂತ ಮೇಲಿತ್ತು. ಮೂತ್ರದಲ್ಲಿ ಪೊಟ್ಯಾಸಿಯಮ್‌ಗೆ ಹೋಲಿಸಿದರೆ ಉಪ್ಪಿನಲ್ಲಿರುವ ಸೋಡಿಯಂ ಪಾಲು ಹೆಚ್ಚಿತ್ತು. ತೂಕ, ನಾಡಿಬಡಿತ ಕೂಡ ಹೆಚ್ಚು.

  

ಲುವೊಗಳಂತೆ ಬಾಗಲಗುಂಟೆಯವರು ಊರು ಬಿಟ್ಟು ಹೋಗಲಿಲ್ಲ, ಪಟ್ಟಣವೇ ಅವರ ಮನೆ ಬಾಗಿಲಿಗೆ ಬಂತು. ಪಕ್ಕದ ಪೀಣ್ಯದಲ್ಲಿ ಕಾರ್ಖಾನೆಗಳು ಎದ್ದವು, ಹೊಲಗಳು ಸೈಟುಗಳಾದವು, 2007ರಲ್ಲಿ ದಾಸರಹಳ್ಳಿ ನಗರಸಭೆಯ ಜೊತೆ ಬೃಹತ್ ಬೆಂಗಳೂರಿಗೆ ಸೇರಿದ್ದಾಯಿತು. ಹೊಲ ಹೋದಾಗ ಬದುವಿನ ಸೊಪ್ಪು, ಅಕ್ಕಡಿ ಸಾಲಿನ ಅವರೆ, ಹುರುಳಿಯೂ ಹೋದವು. ಆ ನಷ್ಟ ಯಾವ ಲೆಕ್ಕಕ್ಕೂ ಸೇರಲಿಲ್ಲವಲ್ಲ ಎಂಬುದೇ ನನ್ನ ಸಿಟ್ಟು.

ಹಳೆಯ ಊಟದಲ್ಲಿ ಉಪ್ಪೇ ಇರಲಿಲ್ಲ ಎನ್ನುವುದು ಸುಳ್ಳು. ಉಪ್ಸಾರು, ಉಪ್ಪಿನಕಾಯಿ ಇದ್ದೇ ಇದ್ದವು. ಆದರೆ ಮುದ್ದೆಗೆ ಉಪ್ಪು ಹಾಕಲೇಬೇಕೆಂದಿಲ್ಲ, ಸಾರಿನದೇ ಸಾಕು; ಜೊತೆಗೆ ಕಾಳು, ಸೊಪ್ಪಿನ ಪೊಟ್ಯಾಸಿಯಮ್ ಸಿಗುತ್ತಿತ್ತು. ಉಪ್ಪು ಹೆಚ್ಚಾದರೆ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳದ ಮೇಲೆ ಒತ್ತಡ ಏರುತ್ತದೆ. ಹೆಚ್ಚಿನ ಸೋಡಿಯಂ ಹೊರಹಾಕಲು ಮೂತ್ರಪಿಂಡಕ್ಕೆ ಪೊಟ್ಯಾಸಿಯಮ್ ನೆರವಾಗುತ್ತದೆ. ಈಗಿನ ಚಿತ್ರಾನ್ನ, ಪಲಾವ್, ಬೋಂಡ, ಚಿಪ್ಸ್ ಪೊಟ್ಟಣಗಳಲ್ಲಿ ಉಪ್ಪು ಒಳಗೇ ಬೆರೆತಿರುತ್ತದೆ, ಸೊಪ್ಪಂತೂ ನೆಪಮಾತ್ರ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೋಟೆಲ್ ಊಟಕ್ಕೆ ಆ ಚಮಚ ಅಳೆಯುವವರು ಯಾರು?

ಎಲ್ಲವನ್ನೂ ಉಪ್ಪಿನ ತಲೆಗೇ ಕಟ್ಟಲಾಗದು. ಲುವೊಗಳ ನಾಡಿಬಡಿತ ಏರಿದ್ದಕ್ಕೆ ಪಟ್ಟಣದ ತಳಮಳವೂ ಕಾರಣವಿದ್ದೀತು ಎಂದು ಸಂಶೋಧಕರೇ ಶಂಕಿಸಿದ್ದರು. ನೈಟ್ ಶಿಫ್ಟ್ ಮುಗಿಸಿ ಬರುವ ಪೀಣ್ಯದ ಕಾರ್ಮಿಕರಿಗೆ ಆ ತಳಮಳ ಹೊಸದಲ್ಲ.

ಆದರೂ ಊಟ ಬದಲಾದರೆ ಒತ್ತಡ ಇಳಿಯುತ್ತದೆ. ಅಮೆರಿಕದ ಡ್ಯಾಶ್-ಸೋಡಿಯಂ ಪ್ರಯೋಗದಲ್ಲಿ ಉಪ್ಪಿನ ಒಂದೊಂದು ಮಟ್ಟವನ್ನೂ 30 ದಿನ ಉಣಿಸಿ ನೋಡಿದರು. ಉಪ್ಪು ತಗ್ಗಿದಂತೆ ಒತ್ತಡವೂ ತಗ್ಗಿತು. ಹಣ್ಣು, ತರಕಾರಿ ಹೆಚ್ಚಿದ್ದ ಊಟದಲ್ಲಿ ಇನ್ನೂ ಕೆಳಗಿಳಿಯಿತು. 2001ರಲ್ಲೇ ಹೊರಬಂದ ಫಲಿತಾಂಶ ಇದು. ಪೀಣ್ಯದ ಕ್ಯಾಂಟೀನುಗಳ ಅಡುಗೆಮನೆಗೆ ಅದನ್ನು ಮುಟ್ಟಿಸಬೇಕಾದವರು ಕಾರ್ಖಾನೆಯ ಮಾಲೀಕರು.