ನಿಮಗಿದು ಗೊತ್ತೆ? ಹೊಯ್ಸಳರ ತವರು ಕಾಫಿ ಸೀಮೆಯಲ್ಲಿದೆ!

ಬಾಬಾಬುಡನ್‌ಗಿರಿ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಸುತ್ತಿ, ಹಾಗೇ ಬೇಲೂರು, ಹಳೇಬೀಡಿಗೆ ಇಳಿಯುವ ಪ್ರವಾಸಿಗರಲ್ಲಿ ಬಹಳ ಮಂದಿ ಹೊಯ್ಸಳರ ಮೂಲ ಊರನ್ನೇ ಬಿಟ್ಟುಹೋಗುತ್ತಾರೆ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೇ ಆ ಊರು, ಶಾಸನಗಳಲ್ಲಿ ಬರುವ ಸೊಸೆವೂರು. ಹೊಯ್ಸಳರ ಮೂಲಪುರುಷ ಸಳ ಹುಲಿಯನ್ನು ಕೊಂದ ಐತಿಹ್ಯ ಹೆಣೆದುಕೊಂಡಿರುವುದು ಇಲ್ಲಿನ ವಾಸಂತಿಕಾ ದೇವಿಯ ಸನ್ನಿಧಿಯ ಸುತ್ತ. ಈ ಗುಡಿಯಲ್ಲಿ ಪೂಜೆಗೊಳ್ಳುವುದು ಕಲ್ಲಿನ ವಿಗ್ರಹಗಳಲ್ಲ, ಮಣ್ಣಿನ ಮೂರ್ತಿಗಳು! ಹತ್ತಿರದ ಜೈನ ಬಸದಿಗಳಂತೂ 1117ರ ಬೇಲೂರು ಚೆನ್ನಕೇಶವ ದೇಗುಲಕ್ಕಿಂತ ಹಳೆಯವು. ಬೇಲೂರಿನ ಕುಸುರಿ ಇಲ್ಲಿಲ್ಲ, ನಿಜ. ಆದರೆ ಒಂದು ಸಾಮ್ರಾಜ್ಯ ಎಷ್ಟು ಸರಳವಾಗಿ ಶುರುವಾಯಿತೆಂಬುದನ್ನು ಕಣ್ಣಾರೆ ಕಾಣಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಕೆತ್ತನೆಯೇ ಬೇಕೆನ್ನುವವರಿಗೆ ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರ ಹೊಯ್ಸಳ ದೇಗುಲವಿದೆ. ಮುಂದಿನ ಸಲ ಗಿರಿಗೆ ಬಂದಾಗ ಅರ್ಧ ದಿನ ಅಂಗಡಿಗೂ ಇಟ್ಟುಕೊಳ್ಳಿ.